ಮುಚ್ಚಳ ತೆಗೆಯದೆ ಬಾಟಲಿಯ ಗುಟ್ಟು

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆಯಾಗಿ ಹೆಸರಿಸುವುದು ನಂಗಲಿಯನ್ನು. ಒಂಬತ್ತು ಶತಮಾನ ಕಳೆದರೂ ಊರಿನ ಕಸುಬು ಬದಲಾಗಿಲ್ಲ. ಮೂಡಲಬಾಗಿಲೇ ಮುಳಬಾಗಿಲಾದ ಸೀಮೆಯಲ್ಲಿ ಅದು ಇಂದಿಗೂ ಗಡಿ. ದಾಟಿದರೆ ಪಲಮನೇರು, ಚಿತ್ತೂರು. ಟೊಮೆಟೊ ಕ್ರೇಟು ಹೊತ್ತ ಲಾರಿಗಳ ಸಾಲಿನಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು ಎಂಬುದೇ ಗಡಿ ಕಾಯುವವರ ಹಳೆಯ ತಲೆನೋವು.

ವಿಶಾಖಪಟ್ಟಣದ ಕಡೆಯ ಬೆಟ್ಟಗಳ ಗಾಂಜಾ ದಕ್ಷಿಣದ ನಗರಗಳಿಗೆ ಬರುವುದು ಹೆಚ್ಚಾಗಿ ರಸ್ತೆಯಲ್ಲೇ. ಒಣ ಸೊಪ್ಪಿಗೆ ಗಾತ್ರವೂ ಇದೆ, ಘಾಟೂ ಇದೆ. ನಾಯಿ ಮೂಸಿ ಹಿಡಿಯುತ್ತದೆ. ಅದರಿಂದಲೇ ತೆಗೆದ ಹ್ಯಾಶಿಶ್ ಎಣ್ಣೆಗೆ ಒಂದು ಪುಟ್ಟ ಸೀಸೆ ಸಾಕು. ಕೊಕೇನ್ ಅದಕ್ಕಿಂತ ಕಿಲಾಡಿ. ಮದ್ಯದಲ್ಲೋ ಹಣ್ಣಿನ ರಸದಲ್ಲೋ ಕರಗಿ ಕೂತರೆ ಕಣ್ಣಿಗೆ ಏನೂ ಕಾಣದು.

ರುಚಿ ನೋಡಿ ತಿಳಿಯುತ್ತೇನೆ ಎನ್ನುವಂತಿಲ್ಲ. 2013ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಒಬ್ಬಾತ ಪೇರ್ ಹಣ್ಣಿನ ಪಾನೀಯವೆಂದು ಬಾಟಲಿಯಿಂದ ಗುಟುಕರಿಸಿ ಸತ್ತ. ಒಳಗಿದ್ದದ್ದು ಕರಗಿದ ಕೊಕೇನ್. ಬಣ್ಣ ನೋಡಿ ಹೇಳುವ ಪರೀಕ್ಷಾ ಕಿಟ್ಟುಗಳಿವೆ, ನಿಜ; ಆದರೆ ಅವಕ್ಕೂ ಒಂದು ಹನಿ ಬೇಕು, ಅಂದರೆ ಸೀಲು ಒಡೆಯಬೇಕು. ಲಾರಿ ತುಂಬ ಬಾಟಲಿಯಿದ್ದರೆ ಎಷ್ಟನ್ನು ಒಡೆಯುವುದು?

ದಾರಿ ತೋರಿಸಿದ್ದು ಸಿ.ವಿ. ರಾಮನ್. 1928ರಲ್ಲಿ ಕಲ್ಕತ್ತೆಯಲ್ಲಿ ಅವರೂ ಕೆ.ಎಸ್. ಕೃಷ್ಣನ್ ಅವರೂ ಸುಮಾರು 60 ದ್ರವಗಳ ಮೇಲೆ ಬೆಳಕು ಹಾಯಿಸಿ ನೋಡಿದರು. ಚದುರಿದ ಬೆಳಕಿನಲ್ಲಿ ಸರಿಸುಮಾರು ಕೋಟಿಗೊಂದು ಕಣ ಬಣ್ಣ ಬದಲಿಸಿ ಹೊರಬರುತ್ತದೆ. ಎಷ್ಟು ಬದಲಿಸಿತು ಎಂಬುದು ಆಯಾ ಅಣುವಿನ ಹೆಬ್ಬೆಟ್ಟಿನ ಗುರುತು. ನೀರಿನ ಗುರುತು ಬಲು ಮಂದ, ಹಾಗಾಗಿ ಅದರಲ್ಲಿ ಕರಗಿದ್ದು ಎದ್ದು ಕಾಣುತ್ತದೆ.

ತೊಡಕೆಂದರೆ ಬಾಟಲಿಯೇ. ಗಾಜು, ಪ್ಲಾಸ್ಟಿಕ್ಕು ತಮ್ಮದೇ ಗುರುತನ್ನು ಹೊರಗೆ ಚೆಲ್ಲಿ ಒಳಗಿನದನ್ನು ಮುಚ್ಚಿಬಿಡುತ್ತವೆ. 2005ರಲ್ಲಿ ಬ್ರಿಟನ್ನಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದ ಪಾವೆಲ್ ಮತೌಸೆಕ್ ತಂಡ ಇದಕ್ಕೊಂದು ಸರಳ ಉಪಾಯ ಹೂಡಿತು: ಲೇಸರ್ ಬಿದ್ದಲ್ಲಿ ನೋಡಬೇಡಿ, ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿದು ನೋಡಿ. ಅಲ್ಲಿ ಹೊರಬರುವ ಬೆಳಕು ಒಳಗೆ ಅಲೆದಾಡಿ ಬಂದದ್ದು. 2008ರಲ್ಲಿ ಅದೇ ತಂಡ ಪಾನೀಯದಲ್ಲಿ ಕರಗಿಸಿದ ಕೊಕೇನನ್ನು ಬಾಟಲಿ ತೆರೆಯದೆ ಪತ್ತೆ ಹಚ್ಚಿ ತೋರಿಸಿತು.

ನಮ್ಮವರೂ ಸುಮ್ಮನೆ ಕೂತಿರಲಿಲ್ಲ. 1933ರಲ್ಲಿ ರಾಮನ್ ನಿರ್ದೇಶಕರಾಗಿ ಬಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಿವ ಉಮಾಪತಿ, ಸಂಚಿತಾ ಸಿಲ್ ಅವರೊಂದಿಗೆ, ಹಲವು ಕೋನಗಳಿಂದ ಬೆಳಕು ಹಿಡಿದು ಡಬ್ಬಿಯೊಳಗೆ ಅಡಗಿಸಿಟ್ಟ ವಸ್ತುವನ್ನು ಗುರುತಿಸುವ ವಿಧಾನವನ್ನು 2014ರಲ್ಲಿ ಪ್ರಕಟಿಸಿದರು. ಅವರ ಕಣ್ಣಿದ್ದದ್ದು ಮುಖ್ಯವಾಗಿ ಸ್ಫೋಟಕಗಳ ಮೇಲೆ. ಬೆಳಕಿನ ಲೆಕ್ಕ ಮಾತ್ರ ಎರಡಕ್ಕೂ ಒಂದೇ.

ಹಾಗೆಂದು ಇದು ಮಂತ್ರದಂಡವಲ್ಲ. ಕೋಲಾರದ ಹಾಲಿನ ಉಕ್ಕಿನ ಕ್ಯಾನಿನ ಮುಂದೆ ಲೇಸರ್ ಕುರುಡು. ತೀರಾ ತೆಳುವಾಗಿ ಬೆರೆತದ್ದು ಕಣ್ತಪ್ಪಬಹುದು. ಯಂತ್ರ ಮಾಡುವುದು ಅನುಮಾನದ ಬಾಟಲಿಯನ್ನು ಸಾಲಿನಿಂದ ಬೇರೆಯಿಡುವ ಕೆಲಸವಷ್ಟೇ. ಆಮೇಲೆ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲೇಬೇಕು.

1985ರ ಮಾದಕವಸ್ತು ಕಾಯ್ದೆಯಲ್ಲಿ ಕೊಕೇನಿನ ವಾಣಿಜ್ಯ ಪ್ರಮಾಣ 100 ಗ್ರಾಂ. ದಾಟಿದರೆ ಕನಿಷ್ಠ 10 ವರ್ಷ ಜೈಲು. ಮಾದಕವಸ್ತುವಿನ ಜೊತೆ ಬೆರೆತ ಬೇರೆ ಪದಾರ್ಥದ ತೂಕವೂ ಲೆಕ್ಕಕ್ಕೆ ಸೇರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರಿಗೆ ಹೊರಟಾಗ ಯಾರೋ ಕೈಗಿಡುವ ಸೀಲು ಬಾಟಲಿಗೂ ತೂಕ ಹಾಕುವುದು ಹೀಗೆಯೇ.