ಭಾರ ಹೊರುವ ಹಿಂಗಾಲಿ

ನನ್ನ ತೂಕ 110 ಕಿಲೋ. ವೈದ್ಯರು ಸೈಕಲ್ ತುಳಿಯಿರಿ ಎನ್ನುತ್ತಾರೆ. ಸೈಕಲ್ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ನಗುತ್ತಾನೆ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಸ್ಥೂಲಕಾಯ ನಾನೊಬ್ಬನೇ ಅಲ್ಲ. ಎಷ್ಟೋ ಮಂದಿ ಉತ್ಸಾಹದಿಂದ ಸೈಕಲ್ಲು ಕೊಂಡು, ಹಿಂದಿನ ಗಾಲಿಯ ಕಡ್ಡಿಗಳು ಒಂದೊಂದಾಗಿ ಮುರಿಯತೊಡಗಿದಾಗ ನಾಚಿ, ಅದನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ನಾಚಬೇಕಾದದ್ದು ಗಾಲಿ, ಸವಾರನಲ್ಲ ಎಂಬುದು ನನ್ನ ವಾದ.

ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಬೀಳುವುದು ಹಿಂದಿನ ಗಾಲಿಯ ಮೇಲೆ. ಕಡ್ಡಿಗಳು ಕಂಬಗಳಂತೆ ಕೆಳಗಿನಿಂದ ಈ ಭಾರವನ್ನು ಎತ್ತಿ ಹಿಡಿದಿವೆಯೆಂದು ಭಾವಿಸುವುದು ಸಹಜ. ಅಷ್ಟು ಸಣ್ಣ ಕಡ್ಡಿಯನ್ನು ಒತ್ತಿದರೆ ಬಾಗೀತೇ ಹೊರತು ಹೊತ್ತೀತೆ? ನಿಜಕ್ಕೂ ಅವು ತಂಬೂರಿಯ ತಂತಿಗಳಂತೆ ಮೊದಲೇ ಎಳೆದು ಬಿಗಿದವು. ಗಾಲಿ ಉರುಳುವಾಗ ನೆಲದ ಬಳಿಗೆ ಬಂದ ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ; ಮುಂದೆ ಸಾಗಿದಾಗ ಮರಳುತ್ತದೆ. ಸಾವಿರ ಕಿಲೋಮೀಟರು ಓಡುವುದರೊಳಗೆ 4 ಲಕ್ಷಕ್ಕೂ ಹೆಚ್ಚು ಬಾರಿ ಈ ಏರಿಳಿತ ನಡೆದಿರುತ್ತದೆ. ಹೀಗಾಗಿ ಕಡ್ಡಿ ಮುರಿಯುವುದು ಬಹುಮಟ್ಟಿಗೆ ಹಬ್ಬಿನ ತೂತಿನಲ್ಲಿ ಬಾಗಿದ ಮೊಣಕೈಯಂಥ ಭಾಗದಲ್ಲಿ. ಅದೂ ಒಂದೇಟಿನ ಭಾರಕ್ಕಲ್ಲ, ದಣಿವಿಗೆ.

ಗೇರಿನ ಸೈಕಲ್ಲಿನಲ್ಲಿ ಇನ್ನೊಂದು ತೊಡಕುಂಟು. ಬಲಗಡೆ ಹಲ್ಲುಚಕ್ರಗಳ ಗೊಂಚಲಿಗೆ ಜಾಗ ಬೇಕಾಗಿ ಹಬ್ಬಿನ ಬಲ ಅಂಚು ಒಳಕ್ಕೆ ಸರಿದಿರುತ್ತದೆ. ಬಲಗಡೆಯ ಕಡ್ಡಿಗಳು ನೆಟ್ಟಗೆ, ಬಹಳ ಬಿಗಿ. ಎಡಗಡೆಯವು ಓರೆ, ಸಡಿಲ. ಇದಕ್ಕೆ ಹೋಲಿಸಿ, ಅಕ್ಕಿಮೂಟೆಯನ್ನೂ ಹಾಲಿನ ಕ್ಯಾನುಗಳನ್ನೂ ಹೊತ್ತ ನಮ್ಮ ಕಪ್ಪು ಸೈಕಲ್ಲನ್ನು ನೆನೆಯಿರಿ. ಹಿಂದೆ ಒಂದೇ ಹಲ್ಲುಚಕ್ರ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಇಂಗ್ಲೆಂಡಿನಿಂದ ಬಂದ ಈ ಹಳೆಯ ಲೆಕ್ಕ ಭಾರದ ಗುಟ್ಟು ಬಲ್ಲವರದು. ಈಗಿನ ಸೊಗಸಿನ ಸೈಕಲ್ಲುಗಳಲ್ಲಿ 24 ಕಡ್ಡಿಯ ಹಿಂಗಾಲಿ ಕಂಡರೆ ನನ್ನಂಥವನು ಅಂಗಡಿಯಿಂದ ಹೊರಬೀಳುವುದೇ ಲೇಸು.

ಇನ್ನು ಹಬ್ಬು. ಹಳೆಯ ಬಗೆಯ ಗೇರಿನ ಹಬ್ಬಿಗೆ ಫ್ರೀವೀಲನ್ನು ಹೊರಗಿನಿಂದ ತಿರುಗಿಸಿ ಕೂಡಿಸುತ್ತಾರೆ. ಬಲಗಡೆಯ ಗುಂಡುಗಳು ಅದರ ಒಳಬದಿಯಲ್ಲೇ ಉಳಿದು, ಅಚ್ಚಿನ ತುದಿ ಆಸರೆಯಿಲ್ಲದೆ ಉದ್ದಕ್ಕೆ ಚಾಚಿರುತ್ತದೆ. ಅಚ್ಚು ಬಾಗುವುದು, ಮುರಿಯುವುದು ಅಲ್ಲಿಯೇ. 1970ರ ದಶಕದ ಕೊನೆಗೆ ಜಪಾನಿನ ಶಿಮಾನೊ ಕಂಪನಿ ತಂದ ಫ್ರೀಹಬ್ ಈ ಗುಂಡುಗಳನ್ನು ಅಚ್ಚಿನ ತುದಿಯತ್ತ ಒಯ್ದಿತು. ಗೇರು ಬೇಕೆನ್ನುವ ಭಾರದವರು ಇದನ್ನೇ ಕೇಳಿ ಪಡೆಯಬೇಕು. ಜೊತೆಗೆ 36 ಕಡ್ಡಿ, ಇಬ್ಬದರದ ಗಟ್ಟಿ ರಿಮ್ಮು, ಹಿತ್ತಾಳೆಯ ನಿಪ್ಪಲ್ಲು, ಅಗಲ ಟಯರು. ಎರಡು ತುದಿಗಳಲ್ಲಿ ದಪ್ಪಗಿದ್ದು ನಡುವೆ ತೆಳುವಾದ ಕಡ್ಡಿ ಹೆಚ್ಚು ಬಾಳುತ್ತದೆ. ನಡುಭಾಗ ತುಸು ಹಿಗ್ಗಿ ಮೊಣಕೈಯ ಶ್ರಮವನ್ನು ಕಳೆಯುತ್ತದೆ.

ಆದರೆ ಎಷ್ಟೇ ಬೆಲೆಯ ಸಾಮಾನಾದರೂ ಕಟ್ಟುವ ಕೈ ಸರಿಯಿರಬೇಕು. ಒಳ್ಳೆಯ ಕುಶಲಿ ಬೆಂಡು ತೆಗೆದು ನಿಲ್ಲಿಸುವುದಿಲ್ಲ. ಒಂದೇ ಪಕ್ಕದ ಕಡ್ಡಿಗಳನ್ನು ಮೀಟಿ ಒಂದೇ ಸ್ವರ ಬರುವವರೆಗೆ ಬಿಗಿಯುತ್ತಾನೆ. ಆಮೇಲೆ ಎರಡೆರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡುತ್ತಾನೆ. ಈ ಹಿಂಡಿಕೆಯಿಂದ ಲೋಹದೊಳಗೆ ಉಳಿದ ಒತ್ತಡ ಇಳಿಯುತ್ತದೆಂದು ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ ಗಾಲಿಯನ್ನೇ ಕುರಿತು 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದ್ದಾನೆ.

ಒಂದು ಕಡ್ಡಿ ಮುರಿದರೆ ಅದನ್ನಷ್ಟೇ ಬದಲಿಸಿ. ಕೆಲವೇ ವಾರಗಳಲ್ಲಿ ಎರಡನೆಯದೂ ಮೂರನೆಯದೂ ಹೋದರೆ ಉಳಿದವೂ ದಣಿದಿವೆಯೆಂದು ತಿಳಿದು, ಆ ಪಕ್ಕದ ಎಲ್ಲವನ್ನೂ ತೆಗೆಸಿ ಹೊಸದಾಗಿ ಕಟ್ಟಿಸಿರಿ. ರಿಮ್ಮೂ ಹಬ್ಬೂ ಚೆನ್ನಾಗಿದ್ದರೆ ಅವನ್ನು ಬದಲಿಸಬೇಕಾಗಿಲ್ಲ.