ಹೆಚ್ಚಿನ ಪಗಾರದ ಹಿಂದಿನ ಲೆಕ್ಕ

ಹುನಗುಂದ ಸೀಮೆಯಲ್ಲಿ ಮಗನೋ ಮಗಳೋ ನೌಕರಿಗೆ ಸೇರಿದ ಸುದ್ದಿ ಬಂದರೆ ಕಟ್ಟೆಯ ಮೇಲಿನವರ ಮೊದಲ ಪ್ರಶ್ನೆ ‘ಪಗಾರ ಎಷ್ಟ?’ ಆರು ತಿಂಗಳು ಕಳೆಯುವುದರೊಳಗೆ ಮನೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಬೇರೆ ಕಡೆ ಹೆಚ್ಚು ಕೊಡುತ್ತಾರಂತೆ, ಇದನ್ನು ಬಿಡುವುದೋ, ಇರುವುದೋ?

ಅದೇ ಸೀಮೆಯ ಇಳಕಲ್ಲಿಗೆ ಈ ಜಗ್ಗಾಟ ಹಳೆಯದು. ಒಂದೇ ಊರಿನಲ್ಲಿ ಒಂದೆಡೆ ಸೀರೆಯ ಕುಣಿ ಮಗ್ಗ, ಇನ್ನೊಂದೆಡೆ ಕೆಂಪು ಗ್ರಾನೈಟಿನ ಗಣಿ, ಪಾಲಿಶ್ ಕಾರ್ಖಾನೆ. ಮಗ್ಗದಲ್ಲಿ ಕೂಲಿ ಸೀರೆಯ ಲೆಕ್ಕಕ್ಕೆ. ಕಲ್ಲಿನಲ್ಲಿ ದಿನದ ಇಲ್ಲವೇ ತಿಂಗಳ ಲೆಕ್ಕಕ್ಕೆ. ಎರಡನ್ನೂ ಹಾಗೇ ತೂಗಲು ಬರುವುದಿಲ್ಲ. ಸೀರೆಯ ಕೂಲಿ ನೇಯುವವನೊಬ್ಬನದಲ್ಲ. ನೂಲಿನ ಕಂಡಿಕೆ ಸುತ್ತಿಕೊಡುವ ಮನೆಯ ಹೆಂಗಸರ ದುಡಿಮೆಯೂ ಅದರಲ್ಲೇ ಅಡಗಿದೆ. ಅವನು ಕಾರ್ಖಾನೆಗೆ ನಡೆದರೆ ಅವರ ಕೈಗಳೂ ಖಾಲಿ ಕೂರಬೇಕಾದೀತು. ಕಲ್ಲಿನ ಧೂಳಿನದು ಬೇರೆಯೇ ಲೆಕ್ಕ. ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಮದ್ದಿಲ್ಲ. ಪಗಾರದ ಚೀಟಿಯಲ್ಲಿ ಇದಾವುದೂ ಕಾಣುವುದಿಲ್ಲ.

ಮಗ್ಗದ ಮಾಲಕನಿಗೂ ಅವನದೇ ಲೆಕ್ಕವುಂಟು. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಕೆಂಪು ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಬೇಕು. ಒಂದು ಎಳೆ ತಪ್ಪಿದರೂ ತೋಪು ತೆನೆ ಎಂಬ ಆ ಸೆರಗಿನಲ್ಲಿ ಅದು ಎದ್ದು ಕಾಣುತ್ತದೆ. ಆ ಕೈಚಳಕ ಒಂದೆರಡು ವಾರದಲ್ಲಿ ಬರುವಂಥದ್ದಲ್ಲ. ಕಲಿಸಿದ ಮೇಲೆ ಹುಡುಗ ಎದ್ದು ಹೋದರೆ ಕಲಿಸಿದವನಿಗೆ ನಷ್ಟ. ಇಂದಿನ ಕಂಪನಿಗಳು ಬಾಂಡ್ ಬರೆಸಿಕೊಳ್ಳುವಾಗ ಹೇಳುವ ಕಾರಣವೂ ಇದೇ.

ಆ ಬಾಂಡ್ ಕೋರ್ಟಿನಲ್ಲಿ ನಿಲ್ಲುತ್ತದೆಯೇ? ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತಿಗೆ ಸಹಿ ಹಾಕಿ 2007ರಲ್ಲಿ ಹುದ್ದೆ ವಹಿಸಿಕೊಂಡ ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ಕೊಟ್ಟು ಐಡಿಬಿಐ ಬ್ಯಾಂಕಿಗೆ ಹೊರಟರು. ಆಕ್ಷೇಪವೆತ್ತಿಯೇ ಹಣ ಕಟ್ಟಿ ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪಿತ್ತಿತು. ಸಾರ್ವಜನಿಕ ಬ್ಯಾಂಕು ಒಂದು ಹುದ್ದೆ ತುಂಬಲು ಜಾಹೀರಾತು, ಪರೀಕ್ಷೆ, ಸಂದರ್ಶನ ಎಲ್ಲವನ್ನೂ ಮತ್ತೆ ನಡೆಸಬೇಕು. ಆ ದರ್ಜೆಯ ಸಂಬಳಕ್ಕೆ ಈ ಮೊತ್ತ ವಿಪರೀತವೂ ಅಲ್ಲ ಎಂದಿತು.

ಹಾಗೆಂದು ಬಾಂಡಿನಲ್ಲಿ ಬರೆದದ್ದೆಲ್ಲ ವಸೂಲಾಗುತ್ತದೆಂದು ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು ಸಮಂಜಸವಾದ ಪರಿಹಾರಕ್ಕಷ್ಟೇ ಒಪ್ಪುತ್ತದೆ, ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ. ಇನ್ನು ಮುಂಗಡ ಕೊಟ್ಟು, ಸಾಲ ತೀರುವ ತನಕ ಬಿಡಬೇಡ ಎಂದು ಕೆಲಸಗಾರನನ್ನು ಕಟ್ಟಿಹಾಕುವುದಂತೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ.

ಈಗ ಪಗಾರದ ಅಂಕಿಗೇ ಬರೋಣ. ಬಾಗಲಕೋಟೆಯಲ್ಲಿ 18,000, ಬೆಂಗಳೂರಿನಲ್ಲಿ 26,000 ಅಂದುಕೊಳ್ಳಿ. ಎಂಟು ಸಾವಿರ ಹೆಚ್ಚಳ ಕೇಳಲು ಚೆಂದ. ಆದರೆ ಕಂಪನಿ ಹೇಳುವ ಸಿಟಿಸಿಯಲ್ಲಿ, ಅಂದರೆ ನೌಕರನ ಮೇಲೆ ಅದು ಮಾಡುವ ಒಟ್ಟು ಖರ್ಚಿನಲ್ಲಿ, ಮಾಲಕರ ಪಾಲಿನ ಪಿಎಫ್ ಸೇರಿರುತ್ತದೆ, ಹಲವೆಡೆ ಗ್ರಾಚ್ಯುಯಿಟಿಯ ಪಾಲೂ ಇರುತ್ತದೆ. ಕಾಯಂ ನೌಕರನಿಗೆ ಗ್ರಾಚ್ಯುಯಿಟಿ ಸಿಗಲು ಸಾಮಾನ್ಯವಾಗಿ 5 ವರ್ಷ ಬೇಕು. ವರ್ಷಕ್ಕೊಂದು ಕೆಲಸ ಬದಲಿಸುವವರಿಗೆ ಅದು ಬರೀ ಕಾಗದದ ಮೇಲಿನ ದುಡ್ಡು. ಕೈಗೆ ಬಂದದ್ದರಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು, ಹಬ್ಬಕ್ಕೆ ಊರಿಗೆ ಬರುವ ಖರ್ಚು ಕಳೆಯಬೇಕು. ಮನೆಯ ಜೋಳದ ರೊಟ್ಟಿ ತಿಂದು ಹೋಗುವವರಿಗೆ ಇವುಗಳಲ್ಲಿ ಹೆಚ್ಚಿನವು ಇಲ್ಲ.

ಹಲವರ ಗಮನಕ್ಕೇ ಬಾರದ ಸಂಗತಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. 2017ರಿಂದ ಇದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. ಯೋಜನೆ ಅನ್ವಯವಾಗುವ ಸಂಸ್ಥೆಯಲ್ಲಿ 18,000 ಪಡೆಯುವವರ ಪಾಲಿನ ವಂತಿಗೆ ಬರೀ ಶೇ. 0.75, ಅದರಲ್ಲೇ ಅವಲಂಬಿತ ತಂದೆ ತಾಯಿಯ ಚಿಕಿತ್ಸೆಯೂ ಆಗುತ್ತದೆ. ಹೊಸ ಕೆಲಸದ ವೇತನ ಮಿತಿ ದಾಟಿದರೆ ಆ ಆಸರೆ ತಪ್ಪುತ್ತದೆ. ಕಂಪನಿ ಆರೋಗ್ಯ ವಿಮೆ ಕೊಡುತ್ತದೆಯೇ, ಅದರಲ್ಲಿ ಹೆತ್ತವರು ಸೇರುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಕಳೆದ ಮೇಲೂ ಹೊಸ ಕೆಲಸದಲ್ಲಿ ಹೆಚ್ಚು ಉಳಿಯುವಂತಿದ್ದರೆ, ಕಲಿಯುವುದಕ್ಕೂ ಇದ್ದರೆ, ‘ಸೇರಿ ವರ್ಷವೂ ಆಗಿಲ್ಲ’ ಎಂಬ ಸಂಕೋಚಕ್ಕೆ ಅರ್ಥವಿಲ್ಲ, ಹೋಗಬೇಕು. ಹೋಗುವ ರೀತಿ ಮಾತ್ರ ನೆಟ್ಟಗಿರಲಿ. ನೇಮಕಾತಿ ಪತ್ರ ಕೈಗೆ ಬರುವ ತನಕ ರಾಜೀನಾಮೆ ಬೇಡ. ನೋಟಿಸ್ ಅವಧಿ ಮುಗಿಸಿ, ಅನುಭವ ಪತ್ರ ಪಡೆಯಿರಿ. ಪಿಎಫ್ ಹಣವನ್ನು ಬಿಡಿಸಿಕೊಳ್ಳದೆ ಅದೇ ಯುಎಎನ್ ಸಂಖ್ಯೆಯಲ್ಲಿ ಹೊಸ ಖಾತೆಗೆ ವರ್ಗಾಯಿಸಿ. 5 ವರ್ಷದ ನಿರಂತರ ಸೇವೆ ತುಂಬುವ ಮೊದಲು ತೆಗೆದರೆ ಆ ಹಣಕ್ಕೆ ತೆರಿಗೆ ಬೀಳಬಹುದು. ವರ್ಗಾಯಿಸಿದರೆ ಹಳೆಯ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ.