ಲಾರಿಯಿಂದ ನೆಲಕ್ಕೆ ನಾಲ್ಕು ಅಡಿ

ಸಣ್ಣ ಕೈಗಾರಿಕೆಗಳಿಗೆ ಸಾಲ ಮಂಜೂರು ಮಾಡುವ ನನ್ನಂಥ ಬ್ಯಾಂಕ್ ಅಧಿಕಾರಿಗೆ ಯಂತ್ರವೆಂದರೆ ಬಹುಮಟ್ಟಿಗೆ ಒಂದು ಬೆಲೆಪಟ್ಟಿ ಮತ್ತು ಒಂದು ವಿಮಾಪತ್ರ. ಅದು ಲಾರಿಯಿಂದ ಕಾರ್ಖಾನೆಯ ನೆಲಕ್ಕೆ ಹೇಗೆ ಇಳಿಯುತ್ತದೆಂಬುದನ್ನು 2016ರವರೆಗೆ ನಾನು ಯೋಚಿಸಿದವನೇ ಅಲ್ಲ. ಆರೋಗ್ಯ ಲೇಖನಗಳ ಈ ಪುಟಗಳಲ್ಲಿ ವೈದ್ಯನಲ್ಲದವನು ಬರೆಯಹೊರಟಿರುವುದನ್ನು ವಾಚಕರು ಮನ್ನಿಸಬೇಕು.

ಆ ವರ್ಷ ಪುಣೆಯ ಭೋಸರಿಯ ಒಂದು ಚಿಕ್ಕ ಘಟಕಕ್ಕೆ ನಮ್ಮ ಶಾಖೆಯ ಸಾಲದಿಂದ ಸುಮಾರು ಎರಡು ಟನ್ ತೂಕದ ಲೇಥ್ ಯಂತ್ರ ಬಂದಿತು. ತಪಾಸಣೆಗೆಂದು ನಾನು ಹೋದಾಗ, ಲಾರಿಯ ಹಿಂಬದಿಗೆ ಎರಡು ಮರದ ತೊಲೆಗಳನ್ನು ಒರಗಿಸಿ, ಯಂತ್ರದಡಿ ಕಬ್ಬಿಣದ ಕೊಳವೆಗಳನ್ನಿಟ್ಟು ಉರುಳಿಸುತ್ತಿದ್ದರು. ಮೂವರು ಕೂಲಿಗಳು ಕೆಳಗೆ ನಿಂತು ಹೆಗಲು ಕೊಟ್ಟಿದ್ದರು. ಅರ್ಧ ದಾರಿಯಲ್ಲಿ ಯಂತ್ರ ಓಡತೊಡಗಿತು. ಇಬ್ಬರು ಪಕ್ಕಕ್ಕೆ ಹಾರಿದರು; ಮೂರನೆಯವನ ಕಾಲು ಸಿಕ್ಕಿಕೊಂಡಿತು. "ಯವ್ವಾ!" ಎಂಬ ಕೂಗಿನಿಂದಲೇ ಅವನು ಕನ್ನಡದವನೆಂದು ನನಗೆ ತಿಳಿದದ್ದು. ವಿಜಯಪುರದ ಕಡೆಯವನು. ಎರಡು ಬೆರಳುಗಳು ಹೋದವು.

"ಮ್ಯಾಲಿಂದ ಒಂದ್ ಹಗ್ಗ ಕಟ್ರಿ ಅಂತ ಹೇಳಿದ್ನಿರಿ ಸಾಹೇಬ್ರ, ಲಾರಿಯಂವ ಗಡಿಬಿಡಿ ಮಾಡಿದ" ಎಂದು ಆಸ್ಪತ್ರೆಯಲ್ಲಿ ಅವನು ಹೇಳಿದ. ನಾನು ತಲೆ ತಗ್ಗಿಸಿದೆ. ಮಾಲೀಕರು ಸಲ್ಲಿಸಿದ್ದ ಅಂದಾಜಿನಲ್ಲಿ 'ಕ್ರೇನ್ ಬಾಡಿಗೆ' ಎಂಬ ಬಾಬು ಇತ್ತು. ಅನಗತ್ಯವೆಂದು ಅದನ್ನು ಹೊಡೆದುಹಾಕಿದವನು ನಾನೇ. ಯಂತ್ರವನ್ನು ಅದರ ಸ್ಥಳಕ್ಕೆ ತರುವವರೆಗಿನ ಖರ್ಚು ಸ್ಥಿರಾಸ್ತಿಯ ಮೂಲಬೆಲೆಗೇ ಸೇರತಕ್ಕದ್ದೆಂಬುದು ವಾಣಿಜ್ಯ ಪದವಿಯ ಆರಂಭದ ಪಾಠ!

ಲೆಕ್ಕ ಸರಳವಾಗಿದೆ. ಲಾರಿಯ ಹಾಸು ನೆಲದಿಂದ 4 ಅಡಿ ಎತ್ತರವಿದ್ದು ತೊಲೆ 12 ಅಡಿ ಉದ್ದವಿದ್ದರೆ, ತೂಕದ ಮೂರನೆಯ ಒಂದು ಪಾಲು ಇಳಿಜಾರಿನಗುಂಟ ಕೆಳಕ್ಕೆ ಎಳೆಯುತ್ತದೆ. ಎರಡು ಟನ್ನಿಗೆ ಸುಮಾರು 660 ಕಿಲೋ. ತೊಲೆಯನ್ನು 20 ಅಡಿಗೆ ಹೆಚ್ಚಿಸಿದರೆ ಅದು 400 ಕಿಲೋಗೆ ಇಳಿಯುತ್ತದೆ. ಘರ್ಷಣೆ ಇದರಲ್ಲೊಂದು ಭಾಗವನ್ನು ತಡೆದೀತು. ಆದರೆ ಉರುಳುವ ಕೊಳವೆಗಳು ಆ ಘರ್ಷಣೆಯನ್ನೇ ಕಳೆಯುತ್ತವೆ. ಸಮನೆಲದಲ್ಲಿ ಉಪಕಾರಿಯಾದ ಕೊಳವೆ ಇಳಿಜಾರಿನಲ್ಲಿ ವೈರಿ. ಮೂರು ಹೆಗಲುಗಳು ಏನು ತಾನೇ ತಡೆದಾವು?

ಆದುದರಿಂದ ಕ್ರೇನು ದೊರೆಯದ ಕಡೆ ಭಾರವನ್ನು ಮೇಲಿನಿಂದಲೇ ಹಿಡಿದಿರಬೇಕು. ಗಟ್ಟಿಯಾದ ಆಧಾರಕ್ಕೆ ಬಿಗಿದ ವಿಂಚ್ ಅಥವಾ ಚೈನ್ ಪುಲ್ಲಿಯಿಂದ ಅಂಗುಲ ಅಂಗುಲವಾಗಿ ಸಡಿಲಿಸಬೇಕು. ಯಂತ್ರದ ಕೆಳಗಡೆ ಯಾರೂ ನಿಲ್ಲಕೂಡದು, ಬಿಗಿದ ಹಗ್ಗದ ನೇರದಲ್ಲಿಯೂ ಕೂಡದು. ತುಂಡಾದ ಹಗ್ಗ ಚಾಟಿಯಂತೆ ಬೀಸುತ್ತದೆ. ಲೇಥಿಗೆ ಇನ್ನೊಂದು ಗುಣವಿದೆ: ಮೋಟಾರು, ಹಲ್ಲುಚಕ್ರಗಳಿರುವ ತಲೆಯ ತುದಿ ಬಹಳ ಭಾರ, ನಡುವೆ ಅಂದಾಜಿನಿಂದ ಕಟ್ಟಿದರೆ ವಾಲುತ್ತದೆ. ಲಾರಿಯ ಗಾಲಿಗಳಿಗೆ ಬೆಣೆ ಕೊಟ್ಟು, ತೊಲೆಗಳ ಮೇಲ್ತುದಿಯನ್ನು ಲಾರಿಗೆ ಬಿಗಿದು, ಹಿಂಬದಿಯ ಹಾಸಿನಡಿ ಮರದ ದಿಮ್ಮಿಗಳನ್ನು ಪೇರಿಸುವುದು ಅವಶ್ಯ. ಭಾರ ಜರುಗಿದಂತೆ ಲಾರಿಯ ಸ್ಪ್ರಿಂಗುಗಳು ಏರಿಳಿಯುತ್ತವೆ. ಸನ್ನೆ ಒಬ್ಬನದೇ ಇರಲಿ. ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸದು. ಜರುಗಿಸಲು ಹಾರೆಯನ್ನು ಬಳಸಬೇಕೇ ಹೊರತು ಬೆರಳನ್ನಲ್ಲ.

ಇಷ್ಟಾಗಿಯೂ ಅಪಘಾತವಾದರೆ, ರಕ್ತಸ್ರಾವವಿರುವಲ್ಲಿ ಶುದ್ಧ ಬಟ್ಟೆಯಿಟ್ಟು ಬಲವಾಗಿ ಒತ್ತಿಹಿಡಿದು 108ಕ್ಕೆ ಕರೆ ಮಾಡಬೇಕು. ತುಂಡಾದ ಬೆರಳನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜು ನೇರವಾಗಿ ತಾಗಕೂಡದು. ಜಜ್ಜಿಹೋದ ಬೆರಳು ಮರಳಿ ಕೂಡುವುದು ಕಷ್ಟವೇ. ಆದರೂ ಆ ದಿನ ನಾವು ಕಬ್ಬಿನ ಹಾಲಿನ ಗಾಡಿಯಿಂದ ಮಂಜುಗಡ್ಡೆ ತಂದು ಅದರೊಳಗೇ ಬೆರಳುಗಳನ್ನು ಹುದುಗಿಸಿ ಒಯ್ದಿದ್ದೆವು.